ಡಿಕ್ಕಿಗೂ ಟೆಂಟಿಗೂ ಎಲ್‌ಇಡಿ ಸ್ಟ್ರಿಪ್: ಎಷ್ಟುದ್ದ ಬೇಕು, ಹೇಗೆ ಜೋಡಿಸೋದು?

ಹೇಮಾವತಿ ತೀರ · ಹಾಸನ · ಭಾನುವಾರ ರಾತ್ರಿ 8:15

ಎಲ್ಲರಿಗೂ ನಮಸ್ಕಾರ. ಶಾಲೆ ಬಾಗಿಲು ತೆರೆಯೋದಕ್ಕೆ ಮುಂಚೆ, ಮೇ ಮೂರನೇ ವಾರ, ಸಕಲೇಶಪುರದ ಹತ್ತಿರ ಗೆಳತಿಯ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿಕೊಂಡು ಇರೋಣ ಅಂತಿದ್ದೇವೆ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಅತ್ತೆಗೆ ಎಪ್ಪತ್ತೆರಡು ವರ್ಷ. ಹೋದ ಸಲ ರಾತ್ರಿ ಎದ್ದು ಹೊರಗೆ ಬಂದಾಗ ಟೆಂಟಿನ ಹಗ್ಗ ಕಾಣದೆ ಎಡವಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ತಲೆಗೆ ಕಟ್ಟುವ ಟಾರ್ಚ್ ಇದೆ. ಅದನ್ನು ಹಾಕಿಕೊಂಡು ಯಾರನ್ನಾದರೂ ತಿರುಗಿ ನೋಡಿದರೆ ಅವರ ಕಣ್ಣು ಕುಕ್ಕುತ್ತದೆ. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಕಟ್ಟಿಹಾಕಿದ ಹಾಗೆ, ಅಡುಗೆ ಮಾಡೋದು ಹೇಗೆ? ತಮ್ಮ ಎಸ್‌.ಪಿ. ರಸ್ತೆಯಿಂದ 5 ಮೀಟರ್‌ನ ಒಂದು ಸ್ಟ್ರಿಪ್ ರೋಲ್ ತಂದುಕೊಟ್ಟಿದ್ದಾನೆ. ಮೇಲೆ 5050, 12 ವೋಲ್ಟ್, ಮೀಟರಿಗೆ 60 ಎಲ್‌ಇಡಿ, ಬಿಳಿ ಅಂತ ಇದೆ. ಕಾರಿನ ಡಿಕ್ಕಿ ಬಾಗಿಲ ಒಳಗಡೆ ಒಂದು ತುಂಡು, ಟೆಂಟಿನೊಳಗೆ ಒಂದು ತುಂಡು ಹಾಕೋ ಆಸೆ. ನೇರ ಬ್ಯಾಟರಿಗೆ ಕೊಡಬಹುದಾ? ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುತ್ತದಾ?

ಕೆಂಪುಮಣ್ಣು · ಬೆಂಗಳೂರು · ಭಾನುವಾರ ರಾತ್ರಿ 8:40

ಧಾರಾಳವಾಗಿ ಕೊಡಿ ಮೇಡಂ. ಒಳಗಿನ ಡೋಮ್ ಲೈಟ್ ವೈರಿಗೇ ಸೇರಿಸಿಬಿಟ್ಟರೆ ಡಿಕ್ಕಿ ತೆಗೆದ ಕೂಡಲೇ ಹತ್ತುತ್ತದೆ. ಐದು ಮೀಟರ್ ಪೂರ್ತಿ ಹಾಕಿ, ಕಾರಿನ ಕೆಳಗೂ ಒಂದು ಸುತ್ತು ಬರಲಿ. ನಾನು ನನ್ನ ಗಾಡಿ ಅಡಿಗೆ ನೀಲಿ ಹಾಕಿಸಿದ್ದೇನೆ, ಕ್ಯಾಂಪಿನಲ್ಲಿ ನೋಡೋಕೆ ಬಹಳ ಚೆಂದ.

ಮೂಡಿಗೆರೆ ವೈರಿಂಗ್ · ಭಾನುವಾರ ರಾತ್ರಿ 10:05

ಅಕ್ಕ, ದಯವಿಟ್ಟು ಡೋಮ್ ಲೈಟಿಗೆ ಕಟ್ಟಬೇಡಿ. ಇಪ್ಪತ್ತೆರಡು ವರ್ಷದಿಂದ ಗಾಡಿ ವೈರಿಂಗ್ ಕೆಲಸ ಮಾಡ್ತಿದೀನಿ, ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಈ 12 ವೋಲ್ಟ್ ಸ್ಟ್ರಿಪ್‌ನಲ್ಲಿ ಮೂರು ಮೂರು ಎಲ್‌ಇಡಿ ಒಂದು ಗುಂಪು. ಅದಕ್ಕೇ ಮೂರಕ್ಕೊಂದು ಕತ್ತರಿ ಗುರುತು ಇರೋದು, ಅಲ್ಲಿ ಬಿಟ್ಟು ಬೇರೆ ಕಡೆ ಕತ್ತರಿಸಿದ್ರೆ ಆ ಗುಂಪು ಹೋಯ್ತು. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್ ಬೇಕು, ಮೂರಕ್ಕೆ 9.6. ಉಳಿದ 2.4 ವೋಲ್ಟನ್ನ ಜೊತೇಲಿರೋ ರೆಸಿಸ್ಟರ್ ನುಂಗುತ್ತೆ. ಇದು ಮನೇಲಿ ಅಡಾಪ್ಟರ್ ಚುಚ್ಚಿದಾಗಿನ ಲೆಕ್ಕ.

ಗಾಡಿ 12 ವೋಲ್ಟ್ ಅನ್ನೋದು ಬರೀ ಹೆಸರಿಗೆ. ಎಂಜಿನ್ ಆಫ್ ಇದ್ದು ಬ್ಯಾಟರಿ ತುಂಬಿದ್ರೆ 12.6. ಎಂಜಿನ್ ಓಡ್ತಿದ್ರೆ ಆಲ್ಟರ್ನೇಟರ್ 13.8ರಿಂದ 14.4ರವರೆಗೆ ಕೊಡುತ್ತೆ. ಆಗ ರೆಸಿಸ್ಟರ್ ಪಾಲಿಗೆ 2.4 ಇದ್ದದ್ದು 4.8ರ ಹತ್ತಿರ ಬಂತು. ಎಲ್‌ಇಡಿ ತಾನೂ ಸ್ವಲ್ಪ ಹೆಚ್ಚು ವೋಲ್ಟ್ ತಗೊಳ್ಳೋದ್ರಿಂದ ಕರೆಂಟ್ ಪೂರ್ತಿ ದುಪ್ಪಟ್ಟಾಗಲ್ಲ, ಆದ್ರೂ ಒಂದೂವರೆ ಪಟ್ಟು ದಾಟುತ್ತೆ. ಬಿಸಿ ಅದಕ್ಕಿಂತ ಜೋರಾಗಿ ಏರುತ್ತೆ. ಮೊದಲು ಬೆಳಕು ಜಾಸ್ತಿ ಬಂತು ಅಂತ ಖುಷಿ ಆಗುತ್ತೆ, ಆಮೇಲೆ ಮಧ್ಯೆ ಮಧ್ಯೆ ಮೂರು ಮೂರು ಎಲ್‌ಇಡಿ ಮಿಣಮಿಣ ಅಂತ ಸಾಯ್ತಾ ಬರುತ್ತೆ. ಜನ "ಮಾಲು ಸರಿಯಿಲ್ಲ" ಅಂತಾರೆ. ಎಷ್ಟೋ ಸಲ ಮಾಲು ಸರಿಯಾಗೇ ಇರುತ್ತೆ, ಕೊಟ್ಟ ವೋಲ್ಟು ತಪ್ಪು.

ಸ್ಟ್ರಿಪ್ ಹೋದ್ರೆ ದುಡ್ಡು ಹೋಯ್ತು ಅಷ್ಟೇ. ನನಗೆ ಭಯ ವೈರಿಂದು. ಹೋದ ಮಳೆಗಾಲದಲ್ಲಿ ಒಂದು ಗಾಡಿ ಎಳ್ಕೊಂಡು ಬಂದ್ರು. ಯಾರೋ ಬ್ಯಾಟರಿಯಿಂದ ನೇರ ವೈರ್ ತೆಗೆದು, ಬಾನೆಟ್ ಒಳಗಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಹಾಕದೆ ಒಳಕ್ಕೆ ಎಳೆದಿದ್ದರು. ಫ್ಯೂಸ್ ಇಲ್ಲ. ಘಾಟಿ ರಸ್ತೆ ಕುಲುಕಾಟಕ್ಕೆ ತಗಡಿನ ಅಂಚು ವೈರಿನ ಪ್ಲಾಸ್ಟಿಕ್ ಕೊಯ್ದು ಬಾಡಿಗೆ ಶಾರ್ಟ್ ಆಗಿತ್ತು. ಕಾರ್ ಬ್ಯಾಟರಿ ಶಾರ್ಟ್ ಆದ್ರೆ ನೂರಾರು ಆಂಪಿಯರ್ ಒಂದೇ ಏಟಿಗೆ ಹರಿಸುತ್ತೆ, ಕೂದಲೆಳೆ ವೈರ್ ಕೆಂಡ ಆಗುತ್ತೆ. ಹಿಂದಿನ ಸೀಟಲ್ಲಿ ಮಗು ಮಲಗಿತ್ತಂತೆ. ಹೊಗೆ ಬಂದ ಕೂಡ್ಲೆ ಇಳಿದ್ರು, ಬಚಾವಾದ್ರು. ಆ ವೈರಿಗೆ ಬ್ಯಾಟರಿ ಪಕ್ಕದಲ್ಲಿ ಒಂದು 3 ಆಂಪಿಯರ್ ಫ್ಯೂಸ್ ಇದ್ದಿದ್ರೆ ಅದು ಸುಟ್ಟು, ಅಲ್ಲಿಗೆ ಕತೆ ಮುಗೀತಿತ್ತು.

ನಿಮ್ಮ ಕೆಲಸಕ್ಕೆ ಬ್ಯಾಟರಿವರೆಗೆ ಹೋಗೋದೇ ಬೇಡ. ಡಿಕ್ಕೀಲೋ ಮುಂದೋ 12 ವೋಲ್ಟ್ ಸಾಕೆಟ್ ಇರುತ್ತಲ್ಲ, ಅದಕ್ಕೆ ಪ್ಲಗ್ ತಗೊಳ್ಳಿ. ಪ್ಲಗ್ ಆದ ಮೇಲೆ 3 ಆಂಪಿಯರ್ ಬ್ಲೇಡ್ ಫ್ಯೂಸ್, ಆಮೇಲೆ ವೋಲ್ಟ್ ಇಳಿಸೋ ಸಣ್ಣ ಬಕ್ ಕನ್ವರ್ಟರ್ ಬೋರ್ಡ್, ಆಮೇಲೆ ಡಿಮ್ಮರ್, ಕೊನೇಲಿ ಸ್ಟ್ರಿಪ್. ಬೋರ್ಡನ್ನ ಮಲ್ಟಿಮೀಟರ್ ಹಿಡಿದು 11 ವೋಲ್ಟಿಗೆ ಇಡಿ. ಒಳಗೆ ಬರೋ ವೋಲ್ಟಿಗಿಂತ ಹೊರಗೆ ಹೋಗೋದು ಒಂದೂವರೆಯಷ್ಟು ಕಮ್ಮಿ ಇದ್ರೇನೇ ಆ ಬೋರ್ಡ್ ಸರಿಯಾಗಿ ಹಿಡಿಯೋದು, ಅದಕ್ಕೆ 12 ಹೇಳ್ತಿಲ್ಲ. ಬೆಳಕು ಸ್ವಲ್ಪ ಇಳಿಯುತ್ತೆ, ಪಟ್ಟಿ ಮುಟ್ಟಿದ್ರೆ ತಣ್ಣಗಿರುತ್ತೆ. ಎಂಜಿನ್ ಆಫ್ ಇದ್ದಾಗ ಮಾತ್ರ ಹಾಕ್ತೀನಿ, ಬೋರ್ಡ್ ಯಾಕೆ ಅಂತ ಕೇಳೋರಿದ್ದಾರೆ. ಒಂದಲ್ಲ ಒಂದು ದಿನ ಆಫ್ ಮಾಡೋದು ಮರೆತು ಗಾಡಿ ಹೊಡೀತೀರಿ.

ಇನ್ನೊಂದು ಮಾತು. ರೋಲಿನಲ್ಲಿ ಸುತ್ತಿಟ್ಟಿರೋ ಹಾಗೇ ಹೊತ್ತಿಸಿ ನೋಡ್ತಾ ಕೂರಬೇಡಿ. ಬಿಸಿ ಹೋಗೋಕೆ ದಾರಿಯಿಲ್ಲದೆ ಒಳಸುತ್ತು ಬೆಂದುಹೋಗುತ್ತೆ. ಬಿಚ್ಚಿ, ಹರಡಿ, ಆಮೇಲೆ ಹೊತ್ತಿಸಿ.

ಹೇಮಾವತಿ ತೀರ · ಸೋಮವಾರ ಬೆಳಗ್ಗೆ 6:50

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮನೆಯವರಿಗೂ ಓದಿ ಹೇಳಿದೆ. ನಮ್ಮ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್. ಎಷ್ಟುದ್ದ ಹಾಕಿದರೆ ಎಷ್ಟು ಹೊತ್ತು ಅನ್ನೋ ಲೆಕ್ಕ ಯಾರಾದರೂ ತಿಳಿಸುತ್ತೀರಾ?

ಗಣಿತದ ಮೇಷ್ಟ್ರು · ತುಮಕೂರು · ಸೋಮವಾರ ಬೆಳಗ್ಗೆ 9:20

5050 ಸ್ಟ್ರಿಪ್, ಮೀಟರಿಗೆ 60 ಇದ್ದರೆ ಮೀಟರಿಗೆ 20 ಗುಂಪು. ಒಂದು ಗುಂಪಿಗೆ 60 ಮಿಲಿ ಆಂಪಿಯರ್. ಅಲ್ಲಿಗೆ ಮೀಟರಿಗೆ 1.2 ಆಂಪಿಯರ್, ಅಂದರೆ 14.4 ವ್ಯಾಟ್. ಐದು ಮೀಟರ್ ಪೂರ್ತಿ ಹಾಕಿದರೆ 6 ಆಂಪಿಯರ್, 72 ವ್ಯಾಟ್. ರಾತ್ರಿ ಏಳಕ್ಕೆ ಹಾಕಿ ಹತ್ತಕ್ಕೆ ಆರಿಸಿದರೆ 18 ಆಂಪಿಯರ್ ಅವರ್ ಖಾಲಿ, ನಿಮ್ಮ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ. ಹಳೆಯ ಬ್ಯಾಟರಿಯಾದರೆ ಮರುದಿನ ತಳ್ಳಲು ಜನ ಹುಡುಕಬೇಕು. ಕಾರಿನ ಲೆಡ್ ಆಸಿಡ್ ಬ್ಯಾಟರಿ ಇರುವುದು ಸ್ಟಾರ್ಟರ್ ತಿರುಗಿಸಲು. ಪದೇ ಪದೇ ಅರ್ಧದ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಯಾವ ಲೋಡೂ ಇಲ್ಲದಾಗ ಮೀಟರಿನಲ್ಲಿ 12.2 ತೋರಿಸಿತೆಂದರೆ ಅರ್ಧಕ್ಕೆ ಬಂದಿದೆ ಎಂದು ತಿಳಿಯಿರಿ, ಅಲ್ಲಿಗೆ ಆರಿಸಿಬಿಡಿ.

ಇದನ್ನೇ 2835 ಎಂಬ ಸಣ್ಣ ಎಲ್‌ಇಡಿಯ, ಮೀಟರಿಗೆ 4.8 ವ್ಯಾಟಿನ ಸ್ಟ್ರಿಪ್‌ನಲ್ಲಿ ಮಾಡಿ. ಮೀಟರಿಗೆ 0.4 ಆಂಪಿಯರ್. ಒಂದೂವರೆ ಮೀಟರಿಗೆ 0.6. ಐದು ಗಂಟೆ ಉರಿದರೂ 3 ಆಂಪಿಯರ್ ಅವರ್. ಡಿಕ್ಕಿಯಡಿ ತರಕಾರಿ ಹೆಚ್ಚಲು ಅಷ್ಟು ಬೆಳಕು ಸಾಕು.

ತೆಳು ವೈರಿನ ಬಗ್ಗೆಯೂ ಒಂದು ಲೆಕ್ಕ ಇದೆ. ಬ್ಯಾಟರಿಯಿಂದ ಸ್ಟ್ರಿಪ್ಪಿಗೆ 4 ಮೀಟರ್ ದೂರ ಎಂದರೆ ಹೋಗಿ ಬರಲು 8 ಮೀಟರ್ ತಂತಿ. 1.5 ಚದರ ಮಿಲಿಮೀಟರ್ ತಾಮ್ರದ ವೈರಾದರೆ 3 ಆಂಪಿಯರ್ ಹರಿಯುವಾಗ ಸುಮಾರು 0.3 ವೋಲ್ಟ್ ದಾರಿಯಲ್ಲಿ ಕಳೆಯುತ್ತದೆ. ರೋಲಿನ ತುದಿಗೆ ಬೆಸೆದು ಕೊಡುವ ಕೂದಲಂಥ ವೈರನ್ನೇ ಉದ್ದಕ್ಕೂ ಎಳೆದರೆ 2 ವೋಲ್ಟಿನಷ್ಟು ಹೋಗುತ್ತದೆ. ಉದ್ದದ ಸ್ಟ್ರಿಪ್‌ನ ಕೊನೆ ಮಂಕಾಗುವುದೂ ಇದೇ ಕಾರಣಕ್ಕೆ, ಅದರೊಳಗಿನ ತಾಮ್ರದ ಪದರ ಬಹಳ ತೆಳು. ಉದ್ದ ಬೇಕೇ ಬೇಕೆಂದರೆ ಎರಡೂ ತುದಿಯಿಂದ ಕರೆಂಟ್ ಕೊಡಿ.

ಹುಬ್ಬಳ್ಳಿ ಗಾಡಿ · ಸೋಮವಾರ ಮಧ್ಯಾಹ್ನ 1:30

ಮಾಸ್ತರ್ ಹೇಳಿದ್ದು ಖರೆ ಐತ್ರಿ. ಲಾರಿ ಮಂದಿ ಸಲುವಾಗಿ ಒಂದು ಮಾತು ಸೇರಿಸ್ತೀನಿ. ನಮ್ಮ ದೊಡ್ಡ ಗಾಡ್ಯಾಗ ಎರಡು ಬ್ಯಾಟರಿ ಕೂಡಿ 24 ವೋಲ್ಟ್ ಇರ್ತದ, ಎಂಜಿನ್ ಚಾಲೂ ಇದ್ದಾಗ 28 ಹತ್ರ ಹೋಗ್ತದ. ಕ್ಯಾಬಿನ್ನಿಗೆ ಅಂತ ಕಾರಿಂದು 12 ವೋಲ್ಟ್ ಸ್ಟ್ರಿಪ್ ತಂದು ಹಚ್ಚಿದ್ರ ಎರಡು ನಿಮಿಷ ತಡಿಯೂದಿಲ್ಲ. 24ರ ಸ್ಟ್ರಿಪ್ ಬ್ಯಾರೇನ ಸಿಗ್ತಾವ, ಕೇಳಿ ತಗೋರಿ. ಬರೇ ಒಂದು ಬ್ಯಾಟರಿ ಮ್ಯಾಲಿಂದ 12 ಎಳಿಯೂ ಹುಡುಗೂರು ಅದಾರ. ಹಂಗ ಮಾಡಬ್ಯಾಡ್ರಿ, ಒಂದು ಬ್ಯಾಟರಿ ಇಳಿತದ, ಇನ್ನೊಂದು ಹೆಚ್ಚು ಚಾರ್ಜ್ ಆಗಿ ಕುದಿತದ, ಎರಡೂ ಲಗೂನ ಹೋಗ್ತಾವ.

ಕಬ್ಬಿನಗದ್ದೆ · ಮಂಡ್ಯ · ಸೋಮವಾರ ರಾತ್ರಿ 8:10

ನಮ್ ಕಡೆ ಟೆಂಟೂ ಇಲ್ಲ, ಕ್ಯಾಂಪೂ ಇಲ್ಲ ಕಣಣ್ಣ, ಟ್ರ್ಯಾಕ್ಟರ್ ಟ್ರೈಲರ್ ವಿಚಾರ ಕೇಳ್ತೀನಿ. ಇನ್ನೇನು ಕಾರ್ಖಾನೆ ಶುರುವಾಯ್ತದೆ. ರಾತ್ರಿ ಕಬ್ಬು ತುಂಬ್ಕೊಂಡು ಹೋಗೋವಾಗ ಜಲ್ಲೆ ಹಿಂದಕ್ಕೆ ಚಾಚ್ಕೊಂಡಿರ್ತದೆ, ಟ್ರೈಲರ್ ಲೈಟು ಮುಚ್ಚೋಗ್ತದೆ. ನಮ್ಮೂರ ಹುಡುಗ ಒಬ್ಬ ಬೈಕಲ್ಲಿ ಬಂದು ನಿಂತಿದ್ದ ಟ್ರೈಲರಿಗೆ ಹೊಡ್ದು ಹೋಗ್ಬುಟ್ಟ. ಇಪ್ಪತ್ನಾಲ್ಕು ವರ್ಷ. ಆವತ್ತಿಂದ ನಾನು ಕೆಂಪು ಸ್ಟ್ರಿಪ್ ಹಾಕ್ಸಣ ಅಂತ ಯೋಚ್ನೆ ಮಾಡ್ತಿವ್ನಿ. ಸರಿ ಆಯ್ತದಾ?

ಮೂಡಿಗೆರೆ ವೈರಿಂಗ್ · ಸೋಮವಾರ ರಾತ್ರಿ 9:30

ಅಣ್ಣ, ಓದಿ ಸಂಕಟ ಆಯ್ತು. ಸ್ಟ್ರಿಪ್ ಹಾಕಿ, ಬೇಡ ಅನ್ನಲ್ಲ, ಆದ್ರೆ ಅದೊಂದನ್ನೇ ನಂಬಬೇಡಿ. ಟ್ರೈಲರ್ ಬಿಚ್ಚಿ ನಿಲ್ಲಿಸಿದ್ರೆ ಕರೆಂಟೇ ಇಲ್ಲ. ಪಿನ್ನಿಗೆ ಮಣ್ಣು ಹಿಡಿದ್ರೆ ಇಲ್ಲ. ಕಬ್ಬಿನ ಸೋಗೆ ವೈರ್ ಕಿತ್ರೆ ಇಲ್ಲ. ಮೊದಲು ಬೇಕಾಗಿರೋದು ಬೆಳಕು ಬಿದ್ರೆ ಹೊಳೆಯೋ ರಿಫ್ಲೆಕ್ಟರ್ ಟೇಪು. ಸರಕು ಗಾಡಿಗೆ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು, ಅದೇ ಕ್ರಮದಲ್ಲಿ ಟ್ರೈಲರಿಗೂ ಅಂಟಿಸಿ. ಅದಕ್ಕೆ ಬ್ಯಾಟರಿ ಬೇಡ, ಫ್ಯೂಸ್ ಬೇಡ, ಎದುರು ಬರೋನ ಹೆಡ್‌ಲೈಟೇ ಅದರ ಕರೆಂಟು. ಜಲ್ಲೆ ಮುಚ್ಚುತ್ತೆ ಅಂದ್ರಲ್ಲ, ಒಂದು ಹಲಗೆಗೆ ಟೇಪು ಅಂಟಿಸಿ, ಲೋಡ್ ಕಟ್ಟಿದ ಮೇಲೆ ಜಲ್ಲೆಯ ತುದಿಗೆ ಹಗ್ಗದಲ್ಲಿ ನೇತುಹಾಕಿ.

ಅದರ ಜೊತೆಗೆ ಸ್ಟ್ರಿಪ್ ಬೇಕಂದ್ರೆ ಹಿಂದಕ್ಕೆ ಕೆಂಪು ಮಾತ್ರ. ಪಾರ್ಕಿಂಗ್ ಲೈಟಿನ ವೈರಿಂದ ತಗೊಳ್ಳಿ, ಮಧ್ಯೆ ಫ್ಯೂಸ್ ಇರಲಿ.

ಕೆಂಪುಮಣ್ಣು · ಸೋಮವಾರ ರಾತ್ರಿ 10:15

ಹಿಂದಕ್ಕೆ ಕೆಂಪು ಮಾತ್ರ ಅಂತ ಯಾಕೆ ಅಣ್ಣ? ನನ್ನ ನೀಲಿ ಗ್ಲೋ ಇದ್ದರೆ ಹಿಂದಿನವರಿಗೆ ಗಾಡಿ ಇನ್ನೂ ಚೆನ್ನಾಗಿ ಕಾಣುತ್ತದಲ್ಲ? ಡೋಮ್ ಲೈಟ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪುತ್ತೇನೆ. ಇದನ್ನು ಒಪ್ಪೋಕೆ ಆಗುತ್ತಿಲ್ಲ.

ಗಣಿತದ ಮೇಷ್ಟ್ರು · ಮಂಗಳವಾರ ಬೆಳಗ್ಗೆ 7:45

ಕಾನೂನು ಮೊದಲು ಹೇಳುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ 108ನೆಯದು ಇದರ ಬಗ್ಗೆಯೇ ಇದೆ. ಮುಂದಕ್ಕೆ ಕೆಂಪು ತೋರಿಸುವಂತಿಲ್ಲ, ಹಿಂದಕ್ಕೆ ಕೆಂಪಲ್ಲದ್ದು ತೋರಿಸುವಂತಿಲ್ಲ. ಇಂಡಿಕೇಟರ್, ನಂಬರ್ ಪ್ಲೇಟ್ ದೀಪ, ರಿವರ್ಸ್ ದೀಪದಂಥ ಕೆಲವಕ್ಕೆ ಮಾತ್ರ ವಿನಾಯಿತಿ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆ ಮಾಡಿ ಕೇಸು ಹಾಕಿದ್ದು ನಿಮಗೂ ನೆನಪಿರಬಹುದು.

ಆದರೆ ದಂಡಕ್ಕೆ ಹೆದರಿ ತೆಗೆಯಿರಿ ಎನ್ನುವುದು ನನ್ನ ವಾದವಲ್ಲ. ರಾತ್ರಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹೋಗುವಾಗ ತಿರುವಿನಾಚೆ ಕೆಂಪು ಕಂಡರೆ ಮುಂದೆ ಹೋಗುತ್ತಿರುವ ಗಾಡಿ, ಬಿಳಿ ಕಂಡರೆ ಎದುರು ಬರುತ್ತಿರುವ ಗಾಡಿ. ಮಂಜಿನಲ್ಲಿ ಅರೆಕ್ಷಣದಲ್ಲಿ ನಮ್ಮ ಮೆದುಳು ಮಾಡುವ ತೀರ್ಮಾನ ಅದು. ನೀಲಿ ಕಂಡರೆ ಆ ತೀರ್ಮಾನ ತಡವಾಗುತ್ತದೆ. ಆಂಬುಲೆನ್ಸೋ, ಪೊಲೀಸೋ, ಅಂಗಡಿಯೋ ಎಂದು ಯೋಚಿಸುವಷ್ಟರಲ್ಲಿ ಗಾಡಿ ಹತ್ತಿರ ಬಂದಿರುತ್ತದೆ. ನೀವು ಕಾಣಿಸಬೇಕು ನಿಜ, ಏನಾಗಿ ಕಾಣಿಸುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ.

ಕೆಂಪುಮಣ್ಣು · ಮಂಗಳವಾರ ಮಧ್ಯಾಹ್ನ 12:10

ಮುಂದಿನ ಗಾಡಿ, ಎದುರಿನ ಗಾಡಿ ಅನ್ನೋ ಮಾತು ಮನಸ್ಸಿಗೆ ನಾಟಿತು ಸರ್. ರಸ್ತೆ ಮೇಲೆ ಹಾಕೋದಿಲ್ಲ. ಈ ವಾರವೇ ಅದರ ಸ್ವಿಚ್ಚಿನ ವೈರ್ ಕಳಚಿಸುತ್ತೇನೆ. ನಿಂತ ಕಡೆ ಡಿಕ್ಕಿಯ ಒಳಗೆ ಮಾತ್ರ ಇರಲಿ.

ರಾತ್ರಿಹಕ್ಕಿ · ತೀರ್ಥಹಳ್ಳಿ · ಮಂಗಳವಾರ ರಾತ್ರಿ 9:00

ಹೇಮಾವತಿ ತೀರದವರೇ, ನೀವು ಹೋಗುತ್ತಿರುವುದು ಮೇ ಮೂರನೇ ವಾರ, ಅದೂ ಸಕಲೇಶಪುರದ ಕಡೆ. ಒಂದೆರಡು ಹದ ಮಳೆ ಬಿದ್ದಿದ್ದರೆ ಅದು ಮಿಂಚುಹುಳಗಳ ಕಾಲ. ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಮುಂಚಿನ ಈ ಕೆಲವೇ ದಿನ ಮರಕ್ಕೆ ಮರವೇ ಒಂದೇ ತಾಳದಲ್ಲಿ ಹೊತ್ತಿ ಆರುವುದನ್ನು ನೋಡಬಹುದು. ಆ ಮಿಣುಕು ಗಂಡು ಹೆಣ್ಣನ್ನು ಕರೆಯುವ ಕೂಗು. ನಮ್ಮ ದೀಪ ಉರಿಯುತ್ತಿದ್ದರೆ ಕೂಗು ಕೇಳಿಸುವುದಿಲ್ಲ, ಹುಳಗಳು ಆ ಜಾಗದಲ್ಲಿ ಮಿನುಗುವುದನ್ನೇ ಕಡಿಮೆ ಮಾಡುತ್ತವೆ. ಊಟ ಮುಗಿದ ಮೇಲೆ ಒಂದರ್ಧ ಗಂಟೆ ಎಲ್ಲ ದೀಪ ಆರಿಸಿ, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಸುಮ್ಮನೆ ಕೂತು ನೋಡಿ.

ಸ್ಟ್ರಿಪ್‌ನ ಬಣ್ಣವೂ ಮುಖ್ಯ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಬೆಳಕಿನ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. 6000 ಕೆಲ್ವಿನ್‌ನ ಬಿಳುಪಿನಲ್ಲಿ ನೀಲಿಯ ಪಾಲು ಜಾಸ್ತಿ, ಹುಳಗಳಿಗೆ ಅದೇ ಬೇಕು. ಮಳೆ ಬಿದ್ದ ಸಂಜೆ ಗೆದ್ದಲು ರೆಕ್ಕೆ ಬಿಚ್ಚಿ ಎದ್ದರೆ ನಿಮ್ಮ ಸಾರಿನ ಪಾತ್ರೆಯೊಳಗೇ ಬೀಳುತ್ತವೆ. 3000 ಕೆಲ್ವಿನ್‌ನ ಹಳದಿ ಛಾಯೆಯದು ತನ್ನಿ, ಹುಳ ಪೂರ್ತಿ ನಿಲ್ಲದಿದ್ದರೂ ಕಡಿಮೆ ಆಗುತ್ತವೆ. ಅತ್ತೆಯವರು ರಾತ್ರಿ ಏಳುವುದಕ್ಕೆ ಎರಡು ಗೇಣು ಮಂಕು ಕೆಂಪು ಸ್ಟ್ರಿಪ್ ನೆಲಮಟ್ಟದಲ್ಲಿ ಇಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಂಪು ಕೆಡಿಸುವುದಿಲ್ಲ, ಹಗ್ಗ ಮಾತ್ರ ಕಾಣುತ್ತದೆ.

ಶರಾವತಿ ಅಳಿವೆ · ಹೊನ್ನಾವರ · ಬುಧವಾರ ಬೆಳಗ್ಗೆ 8:30

ಸಮುದ್ರದ ಬದಿಗೆ ಟೆಂಟ್ ಹಾಕುವವರಿಗೂ ಒಂದು ಮಾತು ಹೇಳ್ತೆ. ನಮ್ಮ ಕಡಲ ತೀರಕ್ಕೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡಲು ಬರ್ತದೆ. ಮರಿ ಒಡೆದು ಬಂದದ್ದು ನೀರಿನ ಮೇಲಿನ ಬೆಳಕು ನೋಡಿ ಸಮುದ್ರದ ದಿಕ್ಕು ಹಿಡಿಯೂದು. ದಂಡೆ ಮೇಲೆ ಗಾಡಿ ತಂದು ಸ್ಟ್ರಿಪ್ ಹೊತ್ತಿಸಿದ್ರೆ ಮರಿ ಈ ಬದಿಗೆ ಬರ್ತದೆ, ನಾಯಿ, ಕಾಗೆ ಕಾದಿರ್ತವೆ. ಆ ತಿಂಗಳಲ್ಲಿ ದಂಡೆಗೆ ದೀಪ ತರುವುದೇ ಬೇಡ ಮಾರಾಯ್ರೆ. ಗಾಡಿ ಮರಳಿಗೆ ಇಳಿಸೂದಂತೂ ಬೇಡವೇ ಬೇಡ, ಮೊಟ್ಟೆಯ ಗೂಡು ಅಡಿಗೇ ಇರ್ತದೆ.

ಹೇಮಾವತಿ ತೀರ · ಬುಧವಾರ ರಾತ್ರಿ 9:40

ಮಿಂಚುಹುಳದ ವಿಷಯ ಓದಿದಾಗಿನಿಂದ ಮಗಳು ದಿನ ಎಣಿಸುತ್ತಿದ್ದಾಳೆ. 3000 ಕೆಲ್ವಿನ್‌ನ 2835 ಸ್ಟ್ರಿಪ್ ತರಿಸಿದೆ. ಇದು ಡಿಕ್ಕಿ ಬಾಗಿಲಿಗೆ ಅಂಟಿ ನಿಲ್ಲುತ್ತದಾ? ಇಬ್ಬನಿ ಬಿದ್ದರೆ ಏನು ಮಾಡೋದು? ಟೆಂಟಿನೊಳಗೆ ಕಾರಿನಿಂದ ವೈರ್ ಎಳೆಯೋದು ಬೇಡ ಅನಿಸಿದೆ, ಮತ್ತೆ ಯಾರಾದರೂ ಎಡವುತ್ತಾರೆ.

ಮೂಡಿಗೆರೆ ವೈರಿಂಗ್ · ಬುಧವಾರ ರಾತ್ರಿ 10:20

ಬಿಸಿಲಲ್ಲಿ ನಿಂತ ಕಾರಿನೊಳಗೆ ಸ್ಟ್ರಿಪ್ ಹಿಂದಿನ ಗೋಂದು ಕರಗಿ ಎರಡು ವಾರಕ್ಕೆ ಜೋತು ಬೀಳುತ್ತೆ. ಅಲ್ಯೂಮಿನಿಯಂ ಚಾನೆಲ್ ಸಿಗುತ್ತೆ, ಮೇಲೆ ಹಾಲುಬಿಳುಪಿನ ಮುಚ್ಚಳ ಇರುತ್ತೆ. ಸ್ಟ್ರಿಪ್ಪನ್ನ ಅದರೊಳಗೆ ಕೂರಿಸಿದ್ರೆ ಬಿಸಿ ಲೋಹಕ್ಕೆ ಹೋಗುತ್ತೆ, ಚುಕ್ಕೆ ಚುಕ್ಕೆ ಬೆಳಕು ಕಣ್ಣಿಗೆ ಹೊಡೆಯಲ್ಲ. ಚಾನೆಲ್ಲನ್ನ ಒಳ್ಳೆ ಎರಡು ಬದಿ ಟೇಪಿನಲ್ಲಿ ಅಂಟಿಸಿ, ಅಂಟಿಸೋ ಜಾಗ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ.

ಇಬ್ಬನಿಗೆ, ತುಂತುರಿಗೆ ಐಪಿ 65 ಅನ್ನೋ ನೀರು ತಡೆಯೋ ದರ್ಜೆಯದು ಸಾಕು, ಮೇಲೆ ಸಿಲಿಕಾನ್ ಪದರ ಇರುತ್ತೆ. ಕತ್ತರಿಸಿದ ತುದಿ ಮಾತ್ರ ಬೆತ್ತಲೆ. ಅಲ್ಲಿ ಸಿಲಿಕಾನ್ ತುಂಬಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮಲೆನಾಡಿನ ತೇವ ತಾಮ್ರಾನ ಒಂದೇ ಮಳೆಗಾಲದಲ್ಲಿ ಹಸಿರು ಮಾಡುತ್ತೆ. ಒತ್ತಿ ಸೇರಿಸೋ ಪ್ಲಾಸ್ಟಿಕ್ ಕ್ಲಿಪ್ ಕುಲುಕಾಟಕ್ಕೆ ಕಳಚ್ಕೊಳ್ಳುತ್ತೆ, ಬೆಸುಗೆ ಹಾಕಿಸಿ.

ಟೆಂಟಿಗೆ ಪವರ್ ಬ್ಯಾಂಕು, 5 ವೋಲ್ಟಿನ ಯುಎಸ್‌ಬಿ ಸ್ಟ್ರಿಪ್ ಒಂದು ಮೀಟರ್. ಅದಕ್ಕೆ ಬೇರೆ ಸ್ಟ್ರಿಪ್ಪೇ ಬೇಕು, ನಿಮ್ಮ 12 ವೋಲ್ಟಿಂದು ಹತ್ತಲ್ಲ.

ಗಣಿತದ ಮೇಷ್ಟ್ರು · ಗುರುವಾರ ಬೆಳಗ್ಗೆ 7:10

10,000 ಮಿಲಿ ಆಂಪಿಯರ್ ಅವರ್ ಪವರ್ ಬ್ಯಾಂಕ್ ಎಂದರೆ ಒಳಗಿನ 3.7 ವೋಲ್ಟಿನ ಲೆಕ್ಕದಲ್ಲಿ 37 ವ್ಯಾಟ್ ಅವರ್. 5 ವೋಲ್ಟಿಗೆ ಏರಿಸುವಾಗ ಸ್ವಲ್ಪ ಸೋರಿ ಸುಮಾರು 30 ಕೈಗೆ ಸಿಗುತ್ತದೆ. 3 ವ್ಯಾಟಿನ ಸ್ಟ್ರಿಪ್‌ಗೆ ಹತ್ತು ಗಂಟೆ. ಬಹಳ ಮಂಕು ಮಾಡಿದರೆ ಕೆಲವು ಪವರ್ ಬ್ಯಾಂಕ್ ಏನೂ ಜೋಡಿಸಿಲ್ಲವೆಂದು ತಿಳಿದು ತಾನೇ ಆರಿಹೋಗುತ್ತದೆ. ಹೊರಡುವ ಮುಂಚೆ ಮನೆಯಲ್ಲಿ ಒಂದು ರಾತ್ರಿ ಇಟ್ಟು ನೋಡಿ.

ಹೇಮಾವತಿ ತೀರ · ಮೂರು ವಾರದ ನಂತರ, ಸೋಮವಾರ ಸಂಜೆ 7:00

ಹೋಗಿ ಬಂದೆವು. ಡಿಕ್ಕಿ ಬಾಗಿಲಿಗೆ ಒಂದೂವರೆ ಮೀಟರ್, ಸಾಕೆಟ್ ಪ್ಲಗ್, 3 ಆಂಪಿಯರ್ ಫ್ಯೂಸ್, 11 ವೋಲ್ಟಿಗೆ ಇಟ್ಟ ಬೋರ್ಡ್, ಡಿಮ್ಮರ್. ಹಾಸನದಲ್ಲೇ ಒಬ್ಬರು ಬೆಸುಗೆ ಹಾಕಿಕೊಟ್ಟರು. ಮೊದಲ ದಿನ ಸಂಜೆ ನಾಲ್ಕಕ್ಕೇ ಮಳೆ ಹೊಡೆದು ಇಂಬಳಗಳ ಕಾಟ ಶುರುವಾಯಿತು. ಡಿಕ್ಕಿಯ ಬೆಳಕಿನಲ್ಲಿ ಮಕ್ಕಳ ಕಾಲು ನೋಡಿ ನೋಡಿ ಇಂಬಳ ಕೀಳೋಕೆ ಅದು ಅಡುಗೆಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಎರಡು ರಾತ್ರಿ ಕಳೆದ ಮೇಲೂ ಮೀಟರ್ 12.5 ತೋರಿಸಿತು, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಕೆಂಪು ತುಂಡನ್ನು ಟೆಂಟಿನ ಬಾಗಿಲಿನಿಂದ ಹಗ್ಗದ ಗೂಟದವರೆಗೆ ನೆಲದ ಮೇಲೆ ಮಲಗಿಸಿದ್ದೆ. ಅತ್ತೆ ರಾತ್ರಿ ಎರಡು ಸಲ ಎದ್ದರಂತೆ. ನನ್ನನ್ನು ಎಬ್ಬಿಸಲೇ ಇಲ್ಲ.

ಎರಡನೇ ರಾತ್ರಿ ಎಂಟೂವರೆಗೆ ಎಲ್ಲ ಆರಿಸಿದೆವು. ಹತ್ತು ನಿಮಿಷ ಏನೂ ಇಲ್ಲ, ಮಗಳು ಅಳುಮುಖ ಮಾಡಿದಳು. ಆಮೇಲೆ ಹಳ್ಳದ ಆಚೆ ಒಂದು ಮರ ಹೊತ್ತಿತು. ಅದರ ಪಕ್ಕದ್ದು, ಅದರ ಪಕ್ಕದ್ದು. ಅತ್ತೆ ತಾವು ಚಿಕ್ಕವರಿದ್ದಾಗ ಬೇಲೂರಿನ ತವರಿನಲ್ಲಿ ನೋಡಿದ್ದು, ಆಮೇಲೆ ಇವತ್ತೇ ಅಂದರು. ರಾತ್ರಿಹಕ್ಕಿಯವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮೊದಲು ತಂದ 5050 ರೋಲ್ ಹಾಗೇ ಇದೆ. ಯಾರಿಗಾದರೂ ಉಪಯೋಗಕ್ಕೆ ಬರುತ್ತದಾ?

ಕಬ್ಬಿನಗದ್ದೆ · ಸೋಮವಾರ ರಾತ್ರಿ 8:45

ಅಕ್ಕ, ನಮ್ ಕೊಟ್ಟಿಗೇಲಿ ರಾತ್ರಿ ಹೊತ್ತು ಎಮ್ಮೆ ಕರು ಹಾಕೋವಾಗ ಬೆಳಕು ಸಾಕಾಗಾಕಿಲ್ಲ, ನಂಗೆ ಬೇಕು. ದುಡ್ಡು ಎಷ್ಟು ಅಂತ ಹೇಳಿ. ಟ್ರೈಲರಿಗೆ ಟೇಪು ಹಾಕ್ಸಿವ್ನಿ, ಹಲಗೇನೂ ಮಾಡ್ಸಿವ್ನಿ. ನಮ್ ಬೀದಿಯೋರು ಇನ್ನು ನಾಲ್ಕು ಜನ ಹಾಕ್ಸಿದ್ರು.

ಮೂಡಿಗೆರೆ ವೈರಿಂಗ್ · ಸೋಮವಾರ ರಾತ್ರಿ 9:15

ಕೊಟ್ಟಿಗೆಗೆ ಆದ್ರೆ 12 ವೋಲ್ಟ್, 8 ಆಂಪಿಯರ್ ಅಡಾಪ್ಟರ್ ತಗೊಳ್ಳಿ ಅಣ್ಣ, 6ರದ್ದು ಬೇಡ, ಪೂರ್ತಿ ಲೋಡಿನಲ್ಲಿ ಕಾದುಹೋಗುತ್ತೆ. ಮೂತ್ರದ ಹಬೆಗೆ ತಾಮ್ರ ಬೇಗ ಹೋಗುತ್ತೆ, ತುದಿಗಳಿಗೆಲ್ಲ ಸಿಲಿಕಾನ್ ಮರೀಬೇಡಿ. ಎಮ್ಮೆಯ ಕೊಂಬಿಗೆ ಎಟುಕದ ಹಾಗೆ ಮೇಲಿನ ತೊಲೆಗೆ ಕಟ್ಟಿ.